ಹಳ್ಳದ ನಕ್ಷೆಯ ಕೆಳಗಿನ ಕುರ್ಚಿ

…ಮುಚ್ಚಬೇಡಿ ಮಾವ, ಮುಚ್ಚಬೇಡಿ! ಇನ್ನೂ ಸ್ವಲ್ಪ ಅಗಲ… ಹಾಂ, ಹಾಗೇ ಇರಲಿ. ಏನಾದರೂ ಹೇಳಬೇಕು ಅನ್ನಿಸಿದರೆ ಎಡಗೈ ಎತ್ತಿ. ನೋವಾದರೂ ಎಡಗೈಯೇ. ಯಾವುದು ಯಾವುದು ಅಂತ ನನಗೆ ಗೊತ್ತಾಗತ್ತೆ, ಚಿಂತೆ ಬೇಡ. ನೋವಾದವರು ಇಡೀ ಕೈ ಎತ್ತುತ್ತಾರೆ. ನೀವು ಮಾತಾಡಬೇಕಾದರೆ ತೋರುಬೆರಳು ಮಾತ್ರ ಎತ್ತೋದು. ಅಮ್ಮನ ತಮ್ಮ ಅಂದರೆ ಆ ಬೆರಳೇ ಅಂತ ನಾನು ಬಹಳ ದಿನ ತಿಳಿದಿದ್ದೆ!

ನಗಬೇಡಿ, ಕನ್ನಡಿ ಹಲ್ಲಿಗೆ ಬಡಿಯತ್ತೆ. ಮೇಲೆ ನೋಡ್ತಾ ಇರಿ. ದೀಪ ಕಣ್ಣಿಗೆ ಹೊಡೀತಿದೆಯಾ? ಇಳಿಸ್ತೀನಿ, ತಾಳಿ… ಈಗ ಕಾಣತ್ತೆ. ಹುಬ್ಬು ಏರಿಸ್ತಿದ್ದೀರಲ್ಲ, ಅದೇ. ನಮ್ಮ ಹಳ್ಳ. ಗುಡ್ಡದ ನೆತ್ತಿಯಿಂದ ಸೇತುವೆಯವರೆಗೆ, ಒಂದು ಕವಲನ್ನೂ ಬಿಟ್ಟಿಲ್ಲ. ಮೊದಲು ಆ ಚಾವಣಿಯಲ್ಲಿ ಮೀನಿನ ಚಿತ್ರ ಇತ್ತು, ಮಕ್ಕಳು ಅಳಬಾರದು ಅಂತ. ಕಿತ್ತು ಇದನ್ನ ಅಂಟಿಸಿದೆ. ಒಂದು ವರ್ಷದಿಂದ ಈ ಊರಿನ ಅರ್ಧ ಜನ ನನ್ನ ಯೋಜನೆಯನ್ನ ಬಾಯಿ ಬಿಟ್ಟುಕೊಂಡು ಕೇಳಿದ್ದಾರೆ ಮಾವ. ಒಬ್ಬರೂ ಎದುರಾಡಲಿಲ್ಲ. ಅಯ್ಯೋ, ನಗಬೇಡಿ ಅಂದೆನಲ್ಲ!

ಈಗ ಗರ್ರ್ ಅಂತ ಸದ್ದು ಬರತ್ತೆ. ಸದ್ದು ಮಾತ್ರ. ನೋವಿರಲ್ಲ, ಸೂಜಿ ಚೆನ್ನಾಗಿ ಹಿಡಿದಿದೆ. ತುಟಿ ದಪ್ಪಗಾದ ಹಾಗೆ ಅನ್ನಿಸತ್ತಾ? ನಾಲಿಗೆ ಬೇರೆಯವರದು ಅನ್ನೋ ಹಾಗೆ? ಹಾಗೇ ಆಗಬೇಕು.

ಗಡಿಯಾರದ ಕಡೆ ಯಾಕೆ ಕಣ್ಣು ಹೊರಳಿಸ್ತೀರಿ? ಸಭೆ ಹನ್ನೊಂದಕ್ಕೆ. ನಿಮಗಿಂತ ಮೊದಲೇ ನನಗೆ ಗೊತ್ತು. ಅನುದಾನದ ಅಧಿಕಾರಿ ಬರ್ತಾರೆ, ಎರಡೂ ಕಡೆಯ ಮಾತು ಕೇಳ್ತಾರೆ, ಒಂದಕ್ಕೆ ಹಣ ಮಂಜೂರು ಮಾಡಿ ಎದ್ದು ಹೋಗ್ತಾರೆ. ಇವತ್ತು ಆಗಲಿಲ್ಲವೋ, ಹಣ ಬಂದ ದಾರಿಯಲ್ಲೇ ವಾಪಸ್. ಒಂದು ನಿಮ್ಮ ಗೋಡೆ: ಮಳೆಗಾಲದಲ್ಲಿ ನೀರು ಮನೆಗಳಿಗೆ ನುಗ್ಗಬಾರದು ಅಂತ ಸೇತುವೆಯಿಂದ ಕೆಳಬೀದಿ ಮುಗಿಯೋವರೆಗೆ ಹಳ್ಳಕ್ಕೆ ಎರಡೂ ಬದಿ ಕಾಂಕ್ರೀಟು, ಮೇಲೆ ನಡೆಯೋ ದಾರಿ, ಸಾಲು ದೀಪ. ಇನ್ನೊಂದು ನಮ್ಮ ಸಮಿತಿಯ ಗುಡ್ಡ: ಮಣ್ಣು ಕೊಚ್ಚಿ ಬರದ ಹಾಗೆ ಮೇಲೆಯೇ ತಡೆಯೋದು. ಗೋಡೆಯ ಪರ ನೀವು ಮಾತಾಡಬೇಕು. ಆ ಲೆಕ್ಕಾಚಾರ ನಿಮ್ಮ ತಲೆಯಲ್ಲಿ ಬಿಟ್ಟರೆ ಇನ್ಯಾರ ತಲೆಯಲ್ಲೂ ಇಲ್ಲ. ಗುಡ್ಡದ ಪರ ನಮ್ಮ ಸಮಿತಿಯ ಮೇಷ್ಟ್ರು ಮಾತಾಡ್ತಾರೆ. ಹೌದು, ಮೇಷ್ಟ್ರೇ. ಯೋಜನೆ ಬರೆದವಳು ನಾನು, ಆದರೆ ನನ್ನ ನಾಲಿಗೆ ಹರಿತ ಅಂತ ನಮ್ಮವರೇ ನನ್ನನ್ನ ಇಲ್ಲಿ ಕೂರಿಸಿದರು. ‘ನೀನು ಬಂದರೆ ಅಧಿಕಾರಿ ಮುನಿಸಿಕೊಂಡು ಹೋಗ್ತಾರೆ ತಾಯಿ, ನೀನು ಹಲ್ಲು ನೋಡಿಕೋ’ ಅಂದರು.

ಹಲ್ಲು ನೋಡ್ತಿದ್ದೀನಿ.

ಬೆರಳು ಇಳಿಸಿ. ಏನು ಹೇಳ್ತೀರಿ ಅಂತ ಗೊತ್ತು. ‘ಹಲ್ಲಿನ ಡಾಕ್ಟರಿಗೆ ಹಳ್ಳದ ಉಸಾಬರಿ ಯಾಕೆ?’ ಇದನ್ನ ನೀವೊಬ್ಬರೇ ಕೇಳಿಲ್ಲ. ಅರಣ್ಯ ಇಲಾಖೆಯಲ್ಲಿ ಕೇಳಿದರು. ನೀರಾವರಿಯವರು ಕೇಳಿದರು. ಪುರಸಭೆಯಲ್ಲಿ ಕೇಳಿ, ಜೊತೆಗೆ ತಮ್ಮ ದವಡೆಯನ್ನೂ ತೋರಿಸಿಕೊಂಡರು, ಬಿಟ್ಟಿ ಸಲಹೆಗೆ! ಅರಣ್ಯದವರು ಅಂದರು, ಗುಡ್ಡ ನಮ್ಮದು, ನೀರು ನಮ್ಮದಲ್ಲ. ನೀರಾವರಿಯವರು ಅಂದರು, ನೀರು ನಮ್ಮದು, ಹುಲ್ಲು ಮರ ನಮ್ಮದಲ್ಲ. ಪುರಸಭೆಯವರು ಸೇತುವೆಯಿಂದ ಮೇಲಕ್ಕೆ ಕಣ್ಣೆತ್ತಿಯೂ ನೋಡಲ್ಲವಂತೆ. ಹಾಗಾದರೆ ಸೇತುವೆ ಕೆಳಗೆ ಬಂದು ಬೀಳೋ ಹೂಳು ಯಾರದು ಸ್ವಾಮಿ, ನನ್ನದಾ ಅಂತ ಕೇಳಿದೆ. ‘ಅದಕ್ಕೆ ಪ್ರತ್ಯೇಕ ಅರ್ಜಿ ಕೊಡಿ’ ಅಂದರು. ಕೊಟ್ಟೆ! ನಿಮ್ಮ ಅಕ್ಕನ ಮಗಳು ಅದನ್ನೂ ಕೊಟ್ಟಳು!

ತಾಳಿ, ಜೊಲ್ಲು ಎಳೀತೀನಿ… ಕೊಳವೆ ಕಚ್ಚಬೇಡಿ.

ಅದೆಲ್ಲ ಬಿಡಿ. ಕಳೆದ ಸಲ ಒಬ್ಬ ದೊಡ್ಡ ಅಧಿಕಾರಿ ನನ್ನ ಯೋಜನೆಯನ್ನ ಪೂರ್ತಿ ಓದಿದರು. ಪೂರ್ತಿ! ನೆತ್ತಿಯ ಹತ್ತಿರ ಇಳಿಜಾರಿಗೆ ಅಡ್ಡವಾಗಿ ಕಂದಕ, ಕಂದಕದ ಅಂಚಿಗೆ ಹುಲ್ಲು, ಕೊರಕಲುಗಳಲ್ಲಿ ಸಣ್ಣ ಸಣ್ಣ ಕಲ್ಲಿನ ಒಡ್ಡು, ಅದಾದ ಮೇಲೆ ಮರ. ಎಲ್ಲ ಓದಿ ಕನ್ನಡಕ ತೆಗೆದು ಏನು ಕೇಳಿದರು ಗೊತ್ತಾ? ‘ಉದ್ಘಾಟನೆಗೆ ಎಲ್ಲಿ ನಿಲ್ಲೋದು?’ ಅಂತ. ಹುಲ್ಲಿಗೆ ರಿಬ್ಬನ್ನು ಕಟ್ಟೋಕೆ ಬರಲ್ಲವಂತೆ. ಗುಡ್ಡ ಹತ್ತಿದರೆ ಅವರಿಗೆ ಉಬ್ಬಸ ಬೇರೆ. ನಿಮ್ಮ ಗೋಡೆಗಾದರೆ ಕಾರು ಬುಡದವರೆಗೆ ಹೋಗತ್ತೆ.

ಹಾಗೆ ನೋಡಬೇಡಿ. ಗೋಡೆಯನ್ನ ಉದ್ಘಾಟನೆಗೆ ಅಂತ ನೀವು ಬರೆದಿಲ್ಲ, ನನಗೂ ಗೊತ್ತು. ನಿಮ್ಮನ್ನ ಅವರ ಸಾಲಿನಲ್ಲಿ ಕೂರಿಸ್ತಿಲ್ಲ. ಆದರೆ ಮಾವ, ನೀವು ಎಂಜಿನಿಯರು. ನಿವೃತ್ತರಾದ ಮೇಲೂ ಊರಿಗೆಲ್ಲ ಎಂಜಿನಿಯರು. ಗುಡ್ಡ ಬೋಳಾಗಿ ಬಿದ್ದಿರುವಾಗ ಕೆಳಗೆ ಗೋಡೆ ಕಟ್ಟಿದರೆ ಏನಾಗತ್ತೆ? ಮಣ್ಣು ಬರೋದು ಬಂದೇ ಬರತ್ತೆ. ಹಳ್ಳದ ತಳ ಏರತ್ತೆ, ಏರಿದ ಹಾಗೆ ನೀವು ಗೋಡೆ ಏರಿಸ್ತೀರಿ. ಕೊನೆಗೊಂದು ದಿನ ಹಳ್ಳ ಬೀದಿಗಿಂತ ಎತ್ತರದಲ್ಲಿ ಹರಿಯತ್ತೆ. ಇದು ನಿಮಗೆ ಗೊತ್ತಿಲ್ಲ ಅಂತ ನಂಬಲಾ? ಅಥವಾ ಗೊತ್ತಿದ್ದೂ… ಆಯಿತು, ಆಯಿತು. ಸಿಟ್ಟು ಮಾಡಿಕೊಂಡರೆ ದವಡೆ ಬಿಗಿಯತ್ತೆ. ಸಡಿಲ ಬಿಡಿ.

ಈ ಕಡೆ ಹುಳುಕೆಲ್ಲ ತೆಗೆದದ್ದಾಯಿತು. ಈಗ ಸಿಮೆಂಟ್ ತುಂಬ್ತೀನಿ. ನೋಡಿ, ನೋಡಿ! ಸಿಮೆಂಟ್ ಅಂದಕೂಡಲೇ ಹೇಗೆ ಮಿನುಗಿತು ಕಣ್ಣು! ನಿಮ್ಮನ್ನ ಸಮಾಧಾನ ಮಾಡೋಕೆ ಎರಡು ಚಿಟಿಕೆ ಸಾಕು ಅಂತ ಅತ್ತೆಗೆ ಹೇಳ್ತೀನಿ, ಇರಿ.

…ಯಾಕೆ ಮಾವ, ಆ ಕಡೆ ಯಾಕೆ ಮುಟ್ಟಿಕೊಳ್ತೀರಿ?

ಬಲಗೆನ್ನೆಯೂ ಮರಗಟ್ಟಿದೆಯಾ? ಹಾಂ. ಹಾಗೆ… ಕೆಲವರಿಗೆ ಹಾಗೆ ಆಗತ್ತೆ. ಹರಡತ್ತೆ. ಕೈ ತೆಗೀರಿ, ಕಚ್ಚಿಕೊಂಡೀರಿ, ಗೊತ್ತಾಗಲ್ಲ. ಈಗ ಮೆಲ್ಲಗೆ ಹಲ್ಲು ಕೂಡಿಸಿ. ಎತ್ತರ ಅನ್ನಿಸತ್ತಾ? ಇಲ್ಲವಾ? ಸರಿ. ಹತ್ತಿ ತೆಗೀತೀನಿ. ಏಳಿ, ನಿಧಾನ… ಈ ಲೋಟದಲ್ಲಿ ನೀರಿದೆ, ಮುಕ್ಕಳಿಸಿ. ಪರವಾಗಿಲ್ಲ, ಚೆಲ್ಲಲಿ. ತುಟಿ ನಿಲ್ಲಲ್ಲ. ಕಾಗದ ತಗೊಳ್ಳಿ. ಈ ಕಡೆಯೂ ಸೋರ್ತಿದೆ, ಒರೆಸಿಕೊಳ್ಳಿ. ಕೊಡಿ, ನಾನೇ ಒರೆಸ್ತೀನಿ.

ಮುಗೀತು ಮಾವ. ಮುಗೀತು. ಇನ್ನು ಮಾತಾಡಬಹುದು. ಅಂದರೆ… ಸ್ವಲ್ಪ ತೊದಲತ್ತೆ. ನಾಲಿಗೆ ಹೊರಳಲ್ಲ. ಎರಡು ಮೂರು ಗಂಟೆ ಅಷ್ಟೇ. ಆಮೇಲೆ ಎಲ್ಲ ಮೊದಲಿನ ಹಾಗೆ.

ಪ್ರಯತ್ನ ಮಾಡಿ. ಏನಾದರೂ ಅನ್ನಿ. ನನ್ನನ್ನ ಬಯ್ಯಿರಿ ಬೇಕಾದರೆ… ‘ಹೂಂ’ ಅನ್ನೋಕೆ ನಾಲಿಗೆ ಬೇಡವಲ್ಲ. ‘ಹೂಂ’ ಅನ್ನಿ.

ಇಷ್ಟು ಹೊತ್ತು ಗೊರಗೊರ ಅಂತಾದರೂ ಅಂತಿದ್ದಿರಿ. ಈಗ ಬಾಯಿ ಖಾಲಿಯಾದ ಮೇಲೆ ಸುಮ್ಮನಾದಿರಿ. ಯಾಕೆ?

ಅದೇನು, ಮತ್ತೆ ಕೆನ್ನೆ? ಒಮ್ಮೆ ಎಡ, ಒಮ್ಮೆ ಬಲ… ಹೇಳಿದೆನಲ್ಲ ಹರಡತ್ತೆ ಅಂತ! ನಾನು ಡಾಕ್ಟರು, ನೀವು ಎಂಜಿನಿಯರು. ಗೋಡೆಯ ವಿಷಯದಲ್ಲಿ ನಾನು ನಿಮ್ಮ ಮಾತು ಕೇಳಬೇಕಂತೆ, ಕೆನ್ನೆಯ ವಿಷಯದಲ್ಲಿ ನೀವು ನನ್ನ ಮಾತು… ಕೇಳಿ…

ಹಾಗೆ ನೋಡಬೇಡಿ ಮಾವ.

ಬೇಕಿತ್ತು. ಎಡಗಡೆ ಸೂಜಿ ಬೇಕಿತ್ತು. ಹಲ್ಲು ನಿಜವಾಗಿಯೂ ಹುಳುಕಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಬೇಕಾದರೆ ಇನ್ನೊಬ್ಬರಿಗೆ ತೋರಿಸಿ. ಅತ್ತೆ ನಿನ್ನೆ ಮಧ್ಯಾಹ್ನ ಫೋನ್ ಮಾಡಿದಾಗ ಈಗಲೇ ಕರಕೊಂಡು ಬನ್ನಿ ಅನ್ನಬಹುದಿತ್ತು. ಕುರ್ಚಿ ಖಾಲಿ ಇತ್ತು. ಬೆಳಿಗ್ಗೆ ಬರಲಿ ಅಂದೆ. ಯಾಕೆ ಹಾಗಂದೆ ಅಂತ ಆಗ ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ. ಬೆಳಿಗ್ಗೆ ಎಡಗಡೆ ಚುಚ್ಚಿದೆ. ಮೊದಲನೇ ವರ್ಷದಲ್ಲೇ ಹೇಳಿಕೊಡ್ತಾರೆ ನಮಗೆ, ಕೆಳದವಡೆಗೆ ಒಂದೇ ಸಲ ಎರಡೂ ಬದಿ ಚುಚ್ಚಬಾರದು, ಮನುಷ್ಯ ನುಂಗೋಕೂ ಒದ್ದಾಡ್ತಾನೆ ಅಂತ. ಗೊತ್ತಿದ್ದೂ ಇನ್ನೊಂದು ಸೂಜಿ ತುಂಬಿ ಬಲಗಡೆಗೂ ಚುಚ್ಚಿದೆ. ನೀವು… ನೀವು ಏನೂ ಕೇಳಲಿಲ್ಲ. ‘ಈ ಕಡೆ ತಿರುಗಿ’ ಅಂದೆ, ತಿರುಗಿದಿರಿ. ನಾನೇ ಹೇಳಿದ್ದು ಅಂತ ತಿರುಗಿಬಿಟ್ಟಿರಿ.

ಯಾಕೆ ಅಂತ ಕೇಳ್ತಿಲ್ಲ ನೀವು. ಕೇಳೋದೂ ಬೇಡ ಅನ್ನೋ ಹಾಗೆ ಕೂತಿದ್ದೀರಿ. ಗೋಡೆಗೆ ಹೆದರಿ ಅಲ್ಲ ಮಾವ! ಗೋಡೆಯನ್ನ ನಾನು ಐದು ನಿಮಿಷದಲ್ಲಿ ಕೆಡವ್ತೀನಿ, ಮೇಷ್ಟ್ರೂ ಕೆಡವ್ತಾರೆ. ಆ ಸಭೆಯಲ್ಲಿ ಬೆರಳೆತ್ತಿ ನೀವು ಇನ್ನೊಂದು ಪ್ರಶ್ನೆ ಕೇಳ್ತೀರಲ್ಲ, ಅದಕ್ಕೆ ಹೆದರಿ. ಭಾನುವಾರ ಅಮ್ಮನ ಅಡುಗೆಮನೆಯಲ್ಲಿ ಕೇಳಿದಿರಿ. ನಾನು ತಟ್ಟೆ ಬಿಟ್ಟು ಎದ್ದು ಕೈ ತೊಳೆದುಕೊಂಡೆ. ಸಿಟ್ಟು ಬಂತು ಅಂದುಕೊಂಡಿರಿ ನೀವು. ಅಮ್ಮನೂ ಹಾಗೇ ಅಂದುಕೊಂಡಳು. ಸಿಟ್ಟಲ್ಲ. ಉತ್ತರ ಇರಲಿಲ್ಲ! ಒಂದು ವರ್ಷ, ಇಷ್ಟು ಕಚೇರಿ, ಚಾವಣಿಯಲ್ಲಿ ಇಷ್ಟು ದೊಡ್ಡ ನಕ್ಷೆ… ಅದರಲ್ಲೂ ಆ ಉತ್ತರ ಇಲ್ಲ. ನಿಮ್ಮ ಗೋಡೆಯಲ್ಲಿ ನೂರು ತಪ್ಪಿದೆ, ಆದರೆ ಆ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇದೆ. ಅದು ನಂಗೆ ಗೊತ್ತಿತ್ತು. ಸರೀನಾ? ಈಗಲಾದರೂ ಏನಾದರೂ ಅನ್ನಿ!

…ನಿಮ್ಮ ಫೋನು. ಜೇಬಿನಲ್ಲಿ ಹೊಡ್ಕೊಳ್ತಿದೆ. ಸಭೆಯವರೇ ಇರಬೇಕು.

ಎತ್ತಬೇಡಿ. ಬೇಡ… ತಾನೇ ನಿಲ್ಲತ್ತೆ. ನೀವು ಬರದಿದ್ದರೂ ಅವರು ಶುರು ಮಾಡ್ತಾರೆ, ಮೇಷ್ಟ್ರು ಮಾತಾಡ್ತಾರೆ, ಹಣ ಗುಡ್ಡಕ್ಕೆ ಹೋಗತ್ತೆ. ಒಳ್ಳೆಯದಕ್ಕೇ ಹೋಗತ್ತೆ ಮಾವ, ಅದು ಸುಳ್ಳಲ್ಲ! ಹತ್ತು ವರ್ಷ ಆದ ಮೇಲೆ ನೀವೇ ಬಂದು ಬೆನ್ನು ತಟ್ತೀರಿ…

ನನಗೆ ಯಾಕೆ ಕೊಡ್ತೀರಿ? ನಿಮ್ಮ ಫೋನು, ನೀವು… ಹೌದು. ನಿಮಗೆ ಆಗಲ್ಲ.

ಕೈ ಹಿಂದಕ್ಕೆ ತಗೊಳ್ಳಿ. ನಾನು ಏನಂತ ಹೇಳಲಿ? ಹುಷಾರಿಲ್ಲ ಅಂತ ಹೇಳಲಾ? ಹಾಗೆ ಹೇಳಿದರೆ ಒಪ್ತೀರಾ? ತಲೆಯಾದರೂ ಆಡಿಸಿ! ಹೌದು ಅನ್ನಿ, ಇಲ್ಲ ಅನ್ನಿ, ಆ ಬೆರಳಾದರೂ ಎತ್ತಿ… ಸುಮ್ಮನೆ ಹೀಗೆ ಚಾಚಿಕೊಂಡು ಕೂತರೆ…

ಕೊಡಿ.

ಹಲೋ… ಹೌದು, ಅವರದೇ ನಂಬರು. ನಾನು ಅವರ ಅಕ್ಕನ ಮಗಳು. ಹೌದು, ಗುಡ್ಡದ ಸಮಿತಿಯವಳೇ… ಇಲ್ಲ ಅಧ್ಯಕ್ಷರೇ, ಬರ್ತಾರೆ, ಆದರೆ ಮಾತಾಡೋಕೆ ಆಗಲ್ಲ. ಹಲ್ಲು ನೋವು ಒಂದೇ ಕಡೆ ಇತ್ತು. ಬಾಯಿ ಪೂರ್ತಿ ಮರಗಟ್ಟಿಸಿದ್ದು ನಾನು… ಬೇಕೂ ಅಂತಲೇ. ಅದರ ವಿಚಾರಣೆ ಆಮೇಲೆ ಮಾಡಿ, ನಾನೇ ಬಂದು ನಿಲ್ತೀನಿ. ಈಗ ಫೋನು ಅಧಿಕಾರಿಗಳಿಗೂ ಮೇಷ್ಟ್ರಿಗೂ ಕೇಳೋ ಹಾಗೆ ಜೋರಾಗಿ ಇಡಿ. ನಮ್ಮ ಮಾವನದು ಒಂದು ಪ್ರಶ್ನೆ ಇದೆ. ಅವರ ಬದಲು ನಾನು ಕೇಳ್ತೀನಿ.

ಗುಡ್ಡದ ಮೇಲೆ ಹುಲ್ಲು ಬೇರು ಹಿಡಿಯೋವರೆಗೆ, ಈ ಮಳೆಗಾಲ, ಮುಂದಿನದು, ಅದರ ಮುಂದಿನದು… ಕೆಳಬೀದಿಯವರು ರಾತ್ರಿ ಎಲ್ಲಿ ಮಲಗಬೇಕು?