ತೂಗುಗುಂಡು

ಫ್ಯಾನ್ ಆರಿಸ್ತೀನಿ, ಸ್ವಲ್ಪ ಸೆಕೆ ತಡ್ಕೊಳ್ಳಿ. ತಿರುಗುವಾಗ ಅದು ಟಕ್ ಟಕ್ ಅನ್ನುತ್ತೆ. ಆ ಸದ್ದಿನ ಜೊತೆ ಇದನ್ನು ಹೇಳೋಕೆ ನನ್ನಿಂದ ಆಗಲ್ಲ...

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ, ಅಕ್ಕನ ಬಾಯಿಂದಲೇ ಕೇಳಿದ್ದು. ಕೊನೆಯದೊಂದನ್ನು ಮಾತ್ರ ನಾನೇ ಕಂಡೆ.

ಆ ರಾತ್ರಿ ಅಕ್ಕ, ಅವಳ ಜೊತೆ ಕೆಲಸ ಮಾಡುವ ಗೂಳಿ, ಇಬ್ಬರೂ ಕೆಲಸದ ಶೆಡ್ಡಿನಿಂದ ಮುಖ್ಯರಸ್ತೆಗೆ ನಡೆದು ಬರುತ್ತಿದ್ದರು. ಗೂಳಿ ಅಂದರೆ ಅಡ್ಡಹೆಸರು. ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಷ್ಟು ದೊಡ್ಡ ಆಳು, ಆದರೆ ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವನು. ಅವನಿಗೂ ಅಕ್ಕನಿಗೂ ಮದುವೆ ಗೊತ್ತಾಗಿತ್ತು. ಅವನ ಬಲಗೈಗೆ ಅಕ್ಕನ ದುಪಟ್ಟಾ ಸುತ್ತಿತ್ತು. ಅದರಿಂದ ರಕ್ತ ತೊಟ್ಟಿಕ್ಕುತ್ತಿತ್ತು... ಟಪ್... ಟಪ್... ಫೋನು ಶೆಡ್ಡಿನೊಳಗೆ ಗಾಜಿನ ಚೂರುಗಳ ಮಧ್ಯೆ ಎಲ್ಲೋ ಬಿದ್ದುಹೋಗಿತ್ತು. ಅಕ್ಕನ ಎಡಗೈಯಲ್ಲಿ ಒಂದು ದೊಡ್ಡ ಸುತ್ತಿಗೆ. ಅದನ್ನು ಅಲ್ಲೇ ಬಿಟ್ಟು ಬರೋಕೆ ಅವಳಿಗೆ ಧೈರ್ಯ ಸಾಲಲಿಲ್ಲ.

ದಾರಿಯಲ್ಲಿ ಒಂದು ಹಾಳು ಬಾವಿ. ಗೂಳಿ ಅಲ್ಲಿ ನಿಂತ.

"ಎಸೆದ್ಬಿಡು," ಅಂದ. ಪಿಸುದನಿ.

"ಇಲ್ಲೇನಾ?"

"ಇಲ್ಲೇ. ಬೇಗ... ಕೈ ಕೇಳ್ತಿದೆ ಅದನ್ನ."

ಅಕ್ಕ ಎಸೆದಳು. ನೀರಿಗೆ ಬೀಳುವ ಸದ್ದಿಗೆ ಕಾದಳು. ಬರಲಿಲ್ಲ. ಬಾವಿಯಲ್ಲಿ ನೀರಿತ್ತು, ಬೆಳಿಗ್ಗೆ ತಾನೇ ಬಗ್ಗಿ ನೋಡಿದ್ದಳು. ಆದರೂ ಬುಳುಕ್ ಅನ್ನಲಿಲ್ಲ. ಕಾದು ಕಾದು ಆಮೇಲೆ, ಕೆಳಗಿನಿಂದ ಒಂದು ಸದ್ದು... ಗರ್ರ್ರ್ರ್... ಮರದ ಹಲಗೆಯ ಮೇಲೆ ಉಕ್ಕಿನ ಚೆಂಡು ಉರುಳಿದ ಹಾಗೆ. ಕೊನೆಯಲ್ಲಿ, ಟಕ್.

"ಏನೂ ಇಲ್ಲ. ನಡಿ," ಅಂದ ಗೂಳಿ.

"ನಿಂಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣೇ. ಅದಕ್ಕೇ ನಡಿ ಅಂದಿದ್ದು."

ಅವರ ಕೆಲಸ ಏನು ಅಂತ ಹೇಳದೆ ಮುಂದೆ ಹೋದರೆ ನಿಮಗೆ ಅರ್ಥ ಆಗಲ್ಲ. ಆ ಶೆಡ್ಡಿಗೆ ಹಳೇ ಪಿನ್‌ಬಾಲ್ ಯಂತ್ರಗಳು ಬರುತ್ತಿದ್ದವು. ನೀವು ನೋಡಿರಲಿಕ್ಕಿಲ್ಲ. ಉದ್ದನೆಯ, ನಾಲ್ಕು ಕಾಲಿನ ಮರದ ಪೆಟ್ಟಿಗೆ, ಒಳಗೆ ಇಳಿಜಾರು ಹಲಗೆ, ಮೇಲೊಂದು ಗಾಜು. ಉಕ್ಕಿನ ಚೆಂಡು ಅಲ್ಲಿ ಇಲ್ಲಿ ಗುದ್ದಿಸಿಕೊಂಡು ಉರುಳುತ್ತಾ ಬರುತ್ತೆ, ಕೆಳಗಿರುವ ಎರಡು ಪುಟ್ಟ ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೀಬೇಕು. ಚೆಂಡು ರೆಕ್ಕೆಗಳ ನಡುವೆ ಜಾರಿತೋ, ಕತೆ ಮುಗೀತು. ಜಾರದಿರಲಿ ಅಂತ ಪೆಟ್ಟಿಗೆಯನ್ನೇ ಹಿಡಿದು ಅಲ್ಲಾಡಿಸುವ ಕಿಲಾಡಿಗಳಿರುತ್ತಾರಲ್ಲ, ಅವರಿಗೋಸ್ಕರ ಒಳಗೊಂದು ತೂಗುಗುಂಡು ಇರುತ್ತೆ. ಒಂದು ತಗಡಿನ ಬಳೆಯ ನಡುವೆ, ಎಲ್ಲೂ ತಾಗದ ಹಾಗೆ ನೇತಾಡುತ್ತಿರುತ್ತೆ. ಪೆಟ್ಟಿಗೆ ಜೋರಾಗಿ ಅಲುಗಿತು ಅಂದರೆ ಗುಂಡು ಬಳೆಗೆ ತಾಗುತ್ತೆ... ಟಿಣ್. ದೀಪ ಆರುತ್ತೆ. ರೆಕ್ಕೆ ಬೀಳುತ್ತೆ. ಎಲ್ಲಾ ನಿಲ್ಲುತ್ತೆ.

ಇಂಥ ಒಂದೊಂದು ಯಂತ್ರವನ್ನೂ ಬಿಚ್ಚಿ, ಅಳೆದು, ಫೋಟೋ ತೆಗೆದು, ಅದರದ್ದೇ ಡಿಜಿಟಲ್ ರೂಪ ಮಾಡಿ ಫೋನಿಗೆ ಆಟವಾಗಿ ಬಿಡೋದು ಅವರ ಕೆಲಸ. ಅಕ್ಕನದು ಸದ್ದಿನ ಪಾಲು. ಪ್ರತಿ ಸ್ಪ್ರಿಂಗು, ಪ್ರತಿ ರೆಕ್ಕೆ, ಪ್ರತಿ ಗಂಟೆಯನ್ನೂ ಒಂದೊಂದಾಗಿ ಬಡಿಸಿ, ಮೈಕು ಹಿಡಿದು ತುಂಬಿಸಿಕೊಳ್ಳುತ್ತಿದ್ದಳು. ಗೂಳಿಯದು ಬಿಚ್ಚುವ ಪಾಲು. ಎಲ್ಲಾ ಮುಗಿದ ಮೇಲೆ ಒಡೆಯುವ ಪಾಲೂ ಅವನದೇ. ಬಾಸ್ ಮಾಡಿದ್ದ ನಿಯಮ ಅದು. ನಕಲು ಆದ ಮೇಲೆ ಅಸಲಿ ಇರಕೂಡದು.

"ಇನ್ನು ಸ್ವಲ್ಪ ವರ್ಷ ಹೋದ್ರೆ ನಿಜವಾದ ಯಂತ್ರ ಯಾರೂ ನೋಡಿರಲ್ಲ," ಅನ್ನುತ್ತಿದ್ದ ಬಾಸ್. "ತುಕ್ಕಿಲ್ಲ, ರಿಪೇರಿ ಇಲ್ಲ. ಆಗ ಇದೇ ಅಸಲಿ. ಇನ್ನೊಬ್ಬ ಬಂದು ನಕಲು ಮಾಡಬಾರದು ಅಂದ್ರೆ ಆ ಯಂತ್ರನ ಪುಡಿ ಮಾಡಿ."

ಹಾಗಾಗಿ ವಾರವಾರವೂ ಆ ಶೆಡ್ಡಿನಲ್ಲಿ ಒಂದು ಕೊಲೆ. ಗೂಳಿ ಸುತ್ತಿಗೆ ಎತ್ತುವ ಮೊದಲು ಪ್ರತಿ ಸಲವೂ ಯಂತ್ರಕ್ಕೆ, "ಬೇಜಾರು ಮಾಡ್ಕೋಬೇಡಪ್ಪಾ," ಅನ್ನುತ್ತಿದ್ದನಂತೆ. ಅಕ್ಕ ನಗುತ್ತಿದ್ದಳು. "ನನ್ನ ಹತ್ರ ಒಂದ್ಸಲನೂ ಸಾರಿ ಕೇಳಿಲ್ಲ ನೀನು. ಮರದ ಪೆಟ್ಟಿಗೆ ಹತ್ರ ಕೇಳ್ತೀಯಾ?"

"ನಾನು ಒಡೆಯೋ ಪೈಕಿ ಅಲ್ಲ ಬಿಡು ನೀನು, ಮಾರಾಯ್ತಿ."

ಆ ರಾತ್ರಿಯ ಯಂತ್ರವನ್ನು ಕೊಟ್ಟದ್ದು ಒಬ್ಬ ಮುದುಕಿ. ಅವಳ ಗಂಡ ಹಿಂದೆ ಆಟದ ಅಂಗಡಿ ಇಟ್ಟಿದ್ದನಂತೆ. ಗಾಡಿಗೆ ಏರಿಸುವಾಗ ಮುದುಕಿ ಗೂಳಿಯ ತೋಳು ಹಿಡಿದು ಹೇಳಿದ್ದಳು: "ಆಡಿ. ಅಲ್ಲಾಡಿಸಿ. ಏನು ಬೇಕಾದ್ರೂ ಮಾಡಿ. ಹೊಡೀಬೇಡ ಮಗಾ. ಅದರ ಮೇಲೆ ಹೊಡೆದದ್ದು ಸಾಕು."

ಗೂಳಿ, "ಆಗಲಿ ಅಜ್ಜಿ," ಅಂದ. ಒಡೆಯೋದಕ್ಕೇ ತಗೊಂಡು ಹೋಗ್ತಿದ್ದೀವಿ ಅಂತ ಹೇಗೆ ಹೇಳೋದು, ಪಾಪ.

ಶೆಡ್ಡಿಗೆ ತಂದು ಪೆಟ್ಟಿಗೆಯ ಮುಂದಿನ ಪುಟ್ಟ ಬಾಗಿಲು ತೆಗೆದರೆ, ಒಳಗೆ ತೂಗುಗುಂಡನ್ನು ಯಾರೋ ಕಟ್ಟಿಹಾಕಿದ್ದರು. ಹಳೇ ಸೀರೆಯ ಚೂರು. ಗಂಟಿನ ಮೇಲೆ ಗಂಟು. ಅಕ್ಕ ಕತ್ತರಿಯಿಂದ ಕತ್ತರಿಸಿದಳು. ಗುಂಡು ಒಮ್ಮೆ ತೂಗಿ... ತನ್ನಷ್ಟಕ್ಕೆ ನಿಂತಿತು.

ಉಳಿದ ಸದ್ದೆಲ್ಲ ಆಯಿತು. ಕೊನೆಗೆ ಉಳಿದದ್ದು ಯಂತ್ರ ಅಲುಗಿ ನಿಲ್ಲುವ ಸದ್ದು. ಗೂಳಿ ಕೈಯಲ್ಲಿ ಅಲ್ಲಾಡಿಸಿದ. ಟಿಣ್ ಅಂತು, ದೀಪ ಆರಿತು. ಆದರೆ ಹೆಡ್‌ಫೋನಿನಲ್ಲಿ ಅದು ಚಮಚ ಬಿದ್ದ ಹಾಗಿತ್ತು. ಆಡುವವನು ಬೆಚ್ಚಿಬೀಳಬೇಕು, ಹಾಗಿರಲಿ ಅಂತ ಬಾಸ್ ಹೇಳಿದ್ದ. ಹೊತ್ತಾಗಿತ್ತು. ಬೆಳಿಗ್ಗೆಯೊಳಗೆ ಎಲ್ಲಾ ಕಳಿಸಬೇಕಿತ್ತು.

ಅಕ್ಕನಿಗೆ ಒಂದು ಉಪಾಯ ಹೊಳೆಯಿತು. ಅವಳ ಕೆಲಸದವರಿಗೆ ಮಾತ್ರ ಹೊಳೆಯುವಂಥದ್ದು.

"ಹೇಗೂ ಒಡೀತೀಯಲ್ಲ. ಈಗಲೇ ಒಡಿ. ದೀಪ ಉರೀತಾ ಇರುವಾಗಲೇ. ನಾನು ರೆಕಾರ್ಡ್ ಮಾಡ್ತೀನಿ. ಆ ಸದ್ದೇ ಹಾಕೋಣ."

"ಅಜ್ಜಿ ಬೇಡ ಅಂದಿದ್ಲು ಕಣೇ..."

"ಅಜ್ಜಿ ಇಲ್ಲಿದ್ದಾಳಾ?"

ಗೂಳಿ ಸುತ್ತಿಗೆ ಎತ್ತಿದ. ಬೇಜಾರು ಮಾಡ್ಕೋಬೇಡಪ್ಪಾ ಅಂದ. ಹೊಡೆದ.

ಧಡ್.

ಅಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮರದ ಸದ್ದಿನ ಹಿಂದೆ ಇನ್ನೊಂದು ಸದ್ದಿತ್ತು. ಮೆತ್ತಗಿನದು. ಒದ್ದೆಯಾದದ್ದು. ಆಮೇಲೆ ಒಂದು... ಹಾಂ... ಅಂತ ಉಸಿರು ಎಳೆದುಕೊಂಡ ಹಾಗೆ.

ಅವಳಿಗೆ ಹೆದರಿಕೆ ಆಗಲಿಲ್ಲವಂತೆ. ಅದನ್ನು ಹೇಳುವಾಗಲೇ ಅಕ್ಕ ಅಳೋದು. ಅವಳಿಗೆ ಖುಷಿ ಆಯಿತು. ಇಷ್ಟು ಒಳ್ಳೇ ಸದ್ದು ಎಂದೂ ಸಿಕ್ಕಿರಲಿಲ್ಲ. ಕೈ ಬೀಸಿದಳು. ಇನ್ನೊಂದು!

ಧಡ್. ಗಾಜು ಬಿರಿಯಿತು. ಉಸಿರು ಈಗ ಹತ್ತಿರದಿಂದ ಬಂತು.

ಇನ್ನೊಂದು!

ಧಡ್... ಗಾಜು ಒಡೆದು ಸುರಿಯಿತು. ಹೆಡ್‌ಫೋನಿನೊಳಗೆ, ಅವಳ ಕಿವಿಗೆ ತುಟಿ ಇಟ್ಟ ಹಾಗೆ, ಒಬ್ಬ ಹುಡುಗನ ದನಿ:

"ಸಾಕು ಅಣ್ಣಾ... ಇನ್ಮೇಲೆ ಅಲ್ಲಾಡ್ಸಲ್ಲ..."

ಅಕ್ಕ ಹೆಡ್‌ಫೋನು ಕಿತ್ತೆಸೆದಳು. "ನಿಲ್ಸು! ನಿಲ್ಸೋ!"

ಅವನು ನಿಲ್ಲಿಸಲಿಲ್ಲ. ಸುತ್ತಿಗೆ ಏರುತ್ತಿತ್ತು, ಬೀಳುತ್ತಿತ್ತು. ಒಡೆದ ಗಾಜಿನೊಳಕ್ಕೇ ಕೈ ನುಗ್ಗಿಸಿ ಹೊಡೆಯುತ್ತಿದ್ದ. ಮಣಿಕಟ್ಟು ಸೀಳಿ ಒಳಗಿನ ಬಿಳಿ ನರ ಕಾಣುತ್ತಿತ್ತು. ಮುಖದ ಮೇಲೆ, ಗೋಡೆಯ ಮೇಲೆ, ಮೈಕಿನ ಮೇಲೆ ರಕ್ತ ಹಾರುತ್ತಿತ್ತು. ಕೆಳಗೆ ಆ ಪುಟ್ಟ ರೆಕ್ಕೆಗಳು ಯಾರೂ ಒತ್ತದೆ ಬಡಿದುಕೊಳ್ಳುತ್ತಿದ್ದವು... ಟಕ್ ಟಕ್ ಟಕ್ ಟಕ್... ನೆಲಕ್ಕೆ ಬಿದ್ದವನು ಕೈ ಬಡಿಯುವ ಹಾಗೆ.

ಗೂಳಿಯ ಬಾಯಿಂದ ಬಂದ ಮಾತು ಗೂಳಿಯದಲ್ಲ.

"ಅಲ್ಲಾಡಿಸ್ತೀಯಾ? ಮತ್ತೆ ಅಲ್ಲಾಡಿಸ್ತೀಯಾ, ಹಾಂ?"

ಅಕ್ಕ ಪ್ಲಗ್ಗು ಕಿತ್ತಳು. ದೀಪ ಆರಲಿಲ್ಲ. ತಂತಿ ಅವಳ ಕೈಯಲ್ಲಿತ್ತು, ಯಂತ್ರ ಉರಿಯುತ್ತಲೇ ಇತ್ತು. ಅವನ ಸೊಂಟ ಹಿಡಿದು ಎಳೆದಳು. ಅವನು ಮೊಣಕೈಯಿಂದ ಒಂದು ಬಿಟ್ಟ. ಅವಳ ಮುಂದಿನ ಹಲ್ಲೊಂದು ಅರ್ಧ ಮುರಿದಿದೆ, ಅದು ಆಗ ಮುರಿದದ್ದು. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಮನೆಯಲ್ಲಿ ಹೇಳಿದ್ದಾಳೆ.

ಬಿದ್ದವಳ ಕಡೆಗೆ ಅವನು ತಿರುಗಿದ. ಕಣ್ಣು ಅವಳನ್ನೇ ನೋಡುತ್ತಿತ್ತು, ಗುರುತು ಹಿಡಿಯುತ್ತಿರಲಿಲ್ಲ.

"ಮತ್ತೆ ಅಲ್ಲಾಡಿಸ್ತೀಯಾ?"

ಸುತ್ತಿಗೆ ಅವಳ ತಲೆಯ ಪಕ್ಕದ ನೆಲಕ್ಕೆ ಬಿತ್ತು. ಸಿಮೆಂಟು ಎದ್ದು ಕೆನ್ನೆಗೆ ಬಡಿಯಿತು. ಅವಳು ಯಂತ್ರದ ಕಾಲುಗಳ ನಡುವೆ ತೆವಳಿದಳು. ಸುತ್ತಿಗೆ ಹಿಂದೆಯೇ ಬಂತು, ಒಂದು ಕಾಲು ಮುರಿಯಿತು, ಪೆಟ್ಟಿಗೆ ಅವಳ ಬೆನ್ನ ಮೇಲೆ ವಾಲಿತು. ಆ ಪುಟ್ಟ ಬಾಗಿಲು ತೆರೆದೇ ಇತ್ತು. ಅಕ್ಕನ ತಲೆಯಲ್ಲಿ ಇದ್ದದ್ದು ಒಂದೇ. ಈ ಯಂತ್ರದಲ್ಲಿ ಎಲ್ಲವನ್ನೂ ನಿಲ್ಲಿಸುವುದು ಒಂದಿದೆ.

ಕೈ ಒಳಗೆ ತೂರಿಸಿದಳು. ತೂಗುಗುಂಡು ಸಿಕ್ಕಿತು. ಅದನ್ನೂ ಬಳೆಯನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಅಮುಕಿದಳು. ತಗಡಿನ ಅಂಚು ಅಂಗೈಯೊಳಕ್ಕೆ ಇಳಿಯಿತು.

ಟಿಣ್.

ದೀಪ ಆರಿತು. ರೆಕ್ಕೆಗಳು ನಿಂತವು. ಗೂಳಿ ನಿಂತಲ್ಲೇ ಮಡಿಚಿಕೊಂಡು ಬಿದ್ದ.

ಕತ್ತಲಲ್ಲಿ ಅವನ ದನಿ ಬಂತು. ಅವನದೇ ದನಿ. "ಏನೇ... ನಾನು ಹೊಡೆದುಬಿಟ್ನಾ?"

ಅವನ ಮುಷ್ಟಿಯಿಂದ ಸುತ್ತಿಗೆ ಬಿಡಿಸೋಕೆ ಅಕ್ಕ ಒಂದೊಂದೇ ಬೆರಳು ಎತ್ತಬೇಕಾಯಿತು. ಹೊರಡುವಾಗ ಗುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಆಮೇಲಿನದೇ ಆ ಬಾವಿ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನರ ಹೋಗಿದೆ, ಇನ್ನು ಈ ಕೈ ಮುಷ್ಟಿ ಕಟ್ಟಲ್ಲ ಅಂದರು ಡಾಕ್ಟರು. ಗೂಳಿ ಒಳ್ಳೇದಾಯ್ತು ಬಿಡಿ ಅಂದನಂತೆ.

ಅಕ್ಕ ಮುದುಕಿಯನ್ನು ಹುಡುಕಿಕೊಂಡು ಹೋದಳು. ಮುದುಕಿ ಬಯ್ಯಲಿಲ್ಲ. "ಬಲಗೈ ತೋರ್ಸು," ಅಂದಳು. ಅಕ್ಕನ ಅಂಗೈ ಪಕ್ಕ ತನ್ನ ಅಂಗೈ ಇಟ್ಟಳು. ಅಲ್ಲೂ ಅರ್ಧ ಬಳೆಯಂಥ ಗಾಯದ ಗುರುತು. ಹಳೆಯದು, ಬಿಳಿಚಿದ್ದು.

"ನಾನು ಕೈ ಹಾಕುವಷ್ಟರಲ್ಲಿ ತಡ ಆಗಿತ್ತು," ಅಂದಳು ಮುದುಕಿ. "ಯಂತ್ರ ಅಲ್ಲಾಡ್ಸಿದ ಅಂತ ಆ ಹುಡುಗನ ತಲೆ ಹಿಡಿದು ಅದರ ಮೇಲೇ ಜಜ್ಜಿದ ನನ್ನ ಗಂಡ. ನಾನು ಗುಂಡು ಒತ್ತಿ ಹಿಡಿದೆ, ದೀಪ ಹೋಯ್ತು, ಆಗ ನಿಲ್ಸಿದ. ಮಾರನೇ ದಿನ ನನ್ನ ಸೀರೆ ಹರಿದು ಗುಂಡನ್ನ ಕಟ್ಟಿದ. ಇನ್ಮೇಲೆ ನನ್ನನ್ನ ಯಾರೂ ನಿಲ್ಲಿಸಬಾರದು ಅಂದ."

"ಅವರು ಈಗ...?"

"ಸತ್ತ. ಅಂತ ಅಂದ್ಕೊಂಡಿದ್ದೆ."

ಅಕ್ಕ ಆ ಸದ್ದನ್ನೆಲ್ಲ ಅಳಿಸಿದಳು. ಆದರೆ ರೆಕಾರ್ಡ್ ಆಗುತ್ತಿದ್ದ ಹಾಗೇ ಒಂದು ಪ್ರತಿ ಬಾಸ್‌ನ ಕಂಪ್ಯೂಟರಿಗೂ ಹೋಗುತ್ತಿತ್ತು. ಬಾಸ್‌ಗೆ ಅದು ತುಂಬಾ ಹಿಡಿಸಿತು. ಫೋನು ಅಲ್ಲಾಡಿಸಿದರೆ ಆ ಏಟು ಕೇಳಬೇಕು ಅಂದ. ಅಕ್ಕ ಕಾಲಿಗೆ ಬೀಳೋದೊಂದು ಬಾಕಿ.

"ಹಾಕೋದಾದ್ರೆ ಹಾಕಿ ಸರ್. ಅಲ್ಲಾಡಿಸಿದ್ರೆ ಆಟ ನಿಲ್ಲೋ ಹಾಗಾದ್ರೂ ಇಡಿ."

"ಆಡ್ತಿರೋನನ್ನ ನಿಲ್ಸೋದಾ? ಅದು ಹಳೇ ಕಾಲ ಅಮ್ಮಾ. ಮುಂದೆ ಬರೋ ಯಾವ ಆಟದಲ್ಲೂ ನಿಲ್ಸೋದು ಅಂತ ಇರಲ್ಲ. ತೆಗೆದುಹಾಕಿದ್ದೀನಿ ಅದನ್ನ."

ಇಬ್ಬರೂ ಆ ಕೆಲಸ ಬಿಟ್ಟರು. ಮದುವೆ ಆಯಿತು. ಗೂಳಿ ನನಗೆ ಭಾವ ಆದ.

ಈಗ ನಾನು ಕಂಡದ್ದು. ಹೋದ ತಿಂಗಳು, ಅಕ್ಕ ತುಂಬು ಬಸುರಿ, ಜೊತೆಗಿರು ಅಂತ ದೊಡ್ಡಮ್ಮ ನನ್ನನ್ನು ಕಳಿಸಿದ್ದರು. ಒಂದೇ ಕೋಣೆಯ ಮನೆ. ಅವರು ಮಂಚದ ಮೇಲೆ, ನಾನು ಕೆಳಗೆ ಚಾಪೆ ಮೇಲೆ. ಮಲಗುವ ಮುಂಚೆ ಭಾವ ಬಲಗೈ ಚಾಚಿದರು. ಅಕ್ಕ ದುಪಟ್ಟಾದಿಂದ ಆ ಕೈಯನ್ನು ಮಂಚದ ಕಾಲಿಗೆ ಬಿಗಿದಳು. ದಿನಾ ಬಾಗಿಲ ಚಿಲಕ ಹಾಕುವವರ ಹಾಗೆ.

"ನಿಮ್ಮಕ್ಕ ನಾನು ಓಡಿಹೋಗ್ತೀನಿ ಅಂತ ಕಟ್ಟಿಹಾಕ್ತಾಳೆ ನೋಡು," ಅಂದರು ಭಾವ. ನಕ್ಕೆ.

ಕಿಟಕಿಯ ಸರಳಿಗೆ ಆ ತೂಗುಗುಂಡು ನೇತುಹಾಕಿದ್ದಳು. ಸುತ್ತ ಅವಳದೇ ಒಂದು ಸ್ಟೀಲಿನ ಬಳೆ. ಅದು ಸದ್ದು ಮಾಡಿದರೆ ಅಕ್ಕ ಎದ್ದು ಭಾವನ ಕೈ ನೋಡುತ್ತಾಳೆ. ಅಷ್ಟೇ ಅವಳ ಕಾವಲು.

ಆ ದಿನ ಸಂಜೆಯೇ ಬಾಸ್‌ನ ಆಟ ಫೋನುಗಳಿಗೆ ಬಂದಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಯಾರೋ ಗೋಡೆಯಾಚೆ ಆಡುತ್ತಿದ್ದರು, ಗರ್ರ್ರ್... ಟಕ್... ಅಂತ ಕೇಳಿದಾಗಲೇ ಅಕ್ಕ ಎದ್ದು ಕೂತದ್ದು. ಆಮೇಲೆ ಗೋಡೆಯಾಚೆ, ಧಡ್.

ಕಿಟಕಿಯಲ್ಲಿ, ಟಿಣ್.

ಕಿಟಕಿ ಮುಚ್ಚಿತ್ತು. ಫ್ಯಾನು ಆರಿತ್ತು. ಪಕ್ಕದ ಮನೆಯಲ್ಲಿ ಮಲಗಿದ ಮೇಲೂ ಅದು ನಿಲ್ಲಲಿಲ್ಲ. ಟಿಣ್... ಟಿಣ್ ಟಿಣ್... ಟಿಣ್... ಎಲ್ಲೆಲ್ಲೋ, ಯಾರ್ಯಾರೋ ಅಲ್ಲಾಡಿಸುತ್ತಿರುವ ಹಾಗೆ. ಅಕ್ಕ ಹೊಟ್ಟೆ ಹಿಡಿದುಕೊಂಡು, ಬೆನ್ನು ಗೋಡೆಗೆ ಕೊಟ್ಟು, ಬೆಳಗಾಗುವವರೆಗೂ ಆ ಕಟ್ಟಿದ ಕೈಯನ್ನೇ ನೋಡುತ್ತಾ ಕೂತಿದ್ದಳು. ಭಾವ ಮಿಸುಕದೆ ಮಲಗಿದ್ದರು.

ಬೆಳಿಗ್ಗೆ ಗಂಟು ಬಿಚ್ಚಿದ್ದು ನಾನು. ಗಂಟು ಹಾಕಿದಂತೆಯೇ ಇತ್ತು. ಭಾವನ ಬೆರಳುಗಳು ಎಂದಿನ ಹಾಗೆ ಸೆಟೆದು ಚಾಚಿಕೊಂಡಿದ್ದವು, ಮಡಿಸಲು ನೋಡಿದೆ, ಮಡಿಯಲಿಲ್ಲ.

ಅಂಗೈ ತಿರುಗಿಸಿದೆ. ಬೊಬ್ಬೆ ಎದ್ದಿತ್ತು. ರಾತ್ರಿಯಿಡೀ ಸುತ್ತಿಗೆ ಹಿಡಿದು ಹೊಡೆದವರ ಕೈಯಲ್ಲಿ ಏಳುತ್ತಲ್ಲ, ಬೆರಳಿನ ಬುಡದಲ್ಲಿ, ಸಾಲಾಗಿ. ಒಂದೆರಡು ಒಡೆದು ನೀರು ಬರುತ್ತಿತ್ತು.

ನಂಬದಿದ್ದರೆ ಬಿಡಿ. ಮುಲಾಮು ಹಚ್ಚಿದವಳು ನಾನು. ಅಂಗೈ ಇನ್ನೂ ಬಿಸಿಯಿತ್ತು.