ಒಂದೇ ಮುಚ್ಚಳ

ಅಯ್ಯೋ, ಹಂಗಲ್ಲ ಮಾನಪ್ಪನವರೇ! ಕೂರಿಸ್ಲೇಬೇಡಿ ಅಂತ ಎಲ್ಲಿ ಹೇಳ್ದೆ ನಾನು? ನಾಳೆ ಒಂದಿನ ಬೇಡ ಅಂದೆ. ಒಂದಿನ ಅಷ್ಟೇ. ಫಿಸಿಯೋ ಮೇಡಂ ಬಂದು 'ಎದ್ದು ಕೂತ್ಕೊಳಮ್ಮ' ಅಂದ್ರೆ, ತಲೆ ಸುತ್ತತಂತೆ, ಆಗಲ್ವಂತೆ ಅನ್ನಿ. ನಿಮ್ ಹೆಂಡ್ತಿ ಅಮೃತಮ್ಮನಿಗೂ ಹೇಳ್ಕೊಟ್ಬಿಡಿ, ಮತ್ತಿನ ಇಂಜೆಕ್ಷನ್ ಪೂರ್ತಿ ಇಳಿದ್ಮೇಲೆ.

ಯಾರು, ನಾನಾ? ಡಾಕ್ಟರ್ ಅಲ್ಲ ಅಂತ ಆಗ್ಲೇ ಹೇಳಿದ್ನಲ್ಲ... ಹೇಳ್ಲಿಲ್ವಾ? ನರೇಶ್ ಅಂತ. ನಿಮ್ ಮನೆಯವ್ರ ಬೆನ್ನಿಗೆ ಇವತ್ತು ಸ್ಕ್ರೂ ಹಾಕಿದ್ರಲ್ಲ, ಅದನ್ನ ಮಾಡೋ ಕಂಪ್ನಿಯೋನು. ಡಿಸೈನ್ ನಂದೇ. ನೀವು ಕೆಲ್ಸ ಮಾಡೋ ಕೆ.ಆರ್. ಪುರದ ಕಡೇನೇ ನಮ್ ಫ್ಯಾಕ್ಟ್ರಿ. ಆಪರೇಷನ್ ಹೊತ್ತಲ್ಲಿ ಕಂಪ್ನಿ ಕಡೆಯವ್ರು ಒಬ್ರು ಒಳಗೆ ನಿಂತಿರ್ತೀವಿ, ಯಾವ್ದಾದ್ಮೇಲೆ ಯಾವ್ದು ಅಂತ ಹೇಳೋಕೆ. ಮುಟ್ಟೋ ಹಾಗಿಲ್ಲ, ಬರೀ ಬಾಯಿ. ಮದ್ವೆ ಮನೇಲಿ ಒಬ್ಬ ಸೋದರಮಾವ ಇರ್ತಾನಲ್ಲ, ಅಲ್ಲಿಡ್ರೋ ಇಲ್ಲಿಡ್ರೋ ಅಂತ, ಹಂಗೆ. ...ನಗಿ, ನಗಿ. ಬೆಳಗ್ಗೆಯಿಂದ ನಿಮ್ ಮುಖದಲ್ಲಿ ಈಗ್ಲೇ ಒಂಚೂರು ನಗು ನೋಡಿದ್ದು.

ಬೇಡ, ಬೇಡ, ರೊಟ್ಟಿ ಬೇಡ. ಹಸಿವೇ ಗೊತ್ತಾಗ್ತಿಲ್ಲ ನಂಗೆ. ...ಸರಿ, ಒಂದು ತುಂಡು ಕೊಡಿ. ಶೇಂಗಾ ಚಟ್ನಿನಾ? ಖಾರ ಜಾಸ್ತಿ ಅಂತೀರಾ? ನಾಲಿಗೆಗೆ ಏನೂ ತಿಳೀತಿಲ್ಲ ಕಣ್ರೀ. ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಡ್ತಾರಲ್ಲ, ಹಂಗಾಗಿದೆ, ಇಡೀ ಮೈ.

ಏನ್ ಹೇಳ್ತಿದ್ದೆ? ಹಾಂ, ಸ್ಕ್ರೂ. ನೀವು ಸೆಂಟ್ರಿಂಗ್ ಕೆಲ್ಸದವ್ರು, ಬೇಗ ಅರ್ಥ ಆಗತ್ತೆ. ಮುರಿದಿರೋ ಮೂಳೆಗೆ ಮೇಲೆ ಎರಡು, ಕೆಳಗೆ ಎರಡು. ಸ್ಕ್ರೂ ತಲೆ ಬಟ್ಟಲು ಥರ ಇರತ್ತೆ. ಆ ಬಟ್ಟಲೊಳಗೆ ಕಂಬಿ ಕೂರತ್ತೆ, ಮೇಲೆ ಮುಚ್ಚಳ. ಮುಚ್ಚಳ ಬಿಗಿಯಾಗಿದ್ರೆ ಕಂಬಿ ಅಲ್ಲಾಡಲ್ಲ, ಕಂಬಿ ಅಲ್ಲಾಡ್ದಿದ್ರೆ ಮೂಳೆ ಕೂಡ್ಕೊಳತ್ತೆ. ಹಿಂದೆ ಮುಚ್ಚಳದಲ್ಲಿ ಎರಡು ಭಾಗ ಇತ್ತು. ಒಳಗೊಂದು ಪುಟ್ಟ ಸ್ಕ್ರೂ ಕಂಬಿನ ಹಿಡ್ಕೊಳ್ಳೋದು, ಅದು ಬಿಚ್ಕೊಳ್ದೇ ಇರ್ಲಿ ಅಂತ ಮೇಲೊಂದು ನಟ್ಟು. ಡಾಕ್ಟ್ರುಗಳಿಗೆ ತಲೆನೋವು! ರಕ್ತದಲ್ಲಿ ಜಾರೋದು, ಓರೆಯಾಗಿ ಕೂರೋದು, ನೆಲಕ್ಕೆ ಬಿತ್ತು ಅಂದ್ರೆ ಇಡೀ ಥಿಯೇಟರ್ ಬಗ್ಗಿ ಹುಡ್ಕೋದು. ನಾನೇನ್ ಮಾಡ್ದೆ? ಆ ನಟ್ಟನ್ನೇ ಕಿತ್ತಾಕ್ದೆ! ಒಂದೇ ಮುಚ್ಚಳ. ಅದೇ ಹಿಡಿಯತ್ತೆ, ಅದೇ ಲಾಕ್ ಆಗತ್ತೆ. ಮೂರು ವರ್ಷ ತಿಣುಕಾಡಿದೀನಿ ರೀ ಅಷ್ಟಕ್ಕೆ. ಇವತ್ತು ಆಪರೇಷನ್ ಮಾಡಿದ್ರಲ್ಲ, ಡಾಕ್ಟರ್ ಖುರ್ಷೀದ್, ಅವ್ರು ಕೈಗೆ ತಗೊಂಡು ನೋಡಿ, 'ಇಷ್ಟು ಸುಲಭ ಇದ್ರೆ ಮೊದ್ಲೇ ಯಾಕ್ರೀ ಮಾಡ್ಲಿಲ್ಲ?' ಅಂದ್ರು. ಅವತ್ತು ನಮ್ಮಮ್ಮ ಮರ್ಫಿ ಟೌನ್ ಪೂರ್ತಿ ಮೈಸೂರು ಪಾಕು ಹಂಚಿದಾಳೆ. ಮಗ ಏನ್ ಕಂಡುಹಿಡ್ದ ಅಂತ ಯಾರೋ ಕೇಳಿದ್ರೆ, 'ಅದೇನೋ ಇದ್ದದ್ದನ್ನ ತೆಗೆದಾಕಿದಾನಂತೆ' ಅಂದಳಂತೆ!

ಏನು? ಬಿಗಿಯಾಗಿದೆ ಅಂತ ಹೆಂಗೆ ಗೊತ್ತಾಗತ್ತೆ ಅಂತಾನಾ? ...ನೀವು ಮಾಡೋ ಥರಾನೇ. ಮೊದ್ಲು ಕೈಬಿಗಿ, ಆಮೇಲೆ ಪಾನಾ ಹಾಕ್ತೀರಲ್ಲ? ಇಲ್ಲೂ ಮೊದ್ಲು ಎಲ್ಲಾ ಮುಚ್ಚಳ ಕೈಬಿಗಿ, ಸಾಲು ಸರಿಮಾಡ್ಕೊಂಡು, ಕೊನೆಗೆ ಒಂದು ದೊಡ್ಡ ಹ್ಯಾಂಡಲ್. ತಿರುಗಿಸ್ತಾ ಸರಿಯಾದ ಬಿಗಿ ಬಂತು ಅಂದ್ರೆ 'ಟಕ್' ಅನ್ನತ್ತೆ. ನಾಲ್ಕು ಮುಚ್ಚಳ, ನಾಲ್ಕು ಟಕ್. ...ಹೂಂ, ಕೇಳಿಸ್ತು. ಕೇಳಿಸ್ದೇ ಏನು? ಎಕ್ಸ್‌ರೇನೂ ತೆಗೆದ್ರಲ್ಲ, ಎಲ್ಲಾ ನೆಟ್ಟಗಿದೆ. ...ಇಲ್ಲ, ಎಕ್ಸ್‌ರೇಲಿ ಬಿಗಿ ಕಾಣಲ್ಲ. ಬರೀ ಕೈಬಿಗಿ ಮಾಡಿದ್ರೂ ಹಂಗೇ ಕಾಣತ್ತೆ.

ಯಾಕೆ ಕೆಳಗಿಟ್ರಿ? ತಿನ್ನಿ ರೀ. ಅರ್ಧ ರೊಟ್ಟಿ ಹಂಗೇ ಇದೆ.

ಹೌದು, ಡಾಕ್ಟ್ರು ನಾಳೆ ಕೂರಿಸಿ ಅಂದಿದಾರೆ. ಗೊತ್ತು. ನಾನು ಬೇಡ ಅಂತಿದೀನಿ. ಅದೂ ಗೊತ್ತು! ಅವ್ರು ಮುಂದಿನ ಕೇಸಿಗೆ ರೆಡಿಯಾಗ್ತಿದಾರೆ, ಪಾಪ, ಅವ್ರ ತಲೆ ಯಾಕೆ ತಿನ್ನೋದು ಅಂತ... ಒಂದು ತಿಂಗಳು ಮಲಗಿದ್ರೆ ಏನ್ ಗಂಟು ಹೋಗತ್ತೆ? ...ತಿಂಗಳು ಅಂದ್ನಾ? ಒಂದಿನ ಅಂದಿದ್ದೆ ಅಲ್ವಾ ಆಗ.

ಹಂಗ್ ನೋಡ್ಬೇಡ್ರೀ. ಬೈಬೇಕಾದ್ರೆ ಬೈಯಿರಿ. ಏನಾದ್ರೂ ಅನ್ನಿ...

ಮೂರಾಗಿತ್ತು. ಮೂರು ಟಕ್. ಅಷ್ಟರಲ್ಲಿ ಮತ್ತು ಕೊಡೋ ಡಾಕ್ಟ್ರು ಬಿ.ಪಿ. ಇಳೀತಿದೆ ಅಂದ್ರು. ಎಲ್ರೂ ಆ ಕಡೆ ತಿರುಗಿದ್ರು. ...ಇಲ್ಲ ಇಲ್ಲ, ಅದು ಸರಿಹೋಯ್ತು, ಅದಕ್ಕೆ ಹೆದರ್ಬೇಡಿ. ಸರಿಹೋದ್ಮೇಲೆ ಖುರ್ಷೀದ್ ಸಾರ್ ನನ್ನ ಕಡೆ ನೋಡಿ, 'ನರೇಶ್, ಎಲ್ಲಾ ಆಯ್ತಾ?' ಅಂದ್ರು. ನಾನು ಮುಚ್ಚಳ ಇಡೋ ಟ್ರೇ ನೋಡ್ದೆ. ಖಾಲಿ ಇತ್ತು. 'ಆಯ್ತು ಸಾರ್' ಅಂದೆ. ಹೊಲಿಗೆ ಹಾಕಿದ್ರು.

ಹಳೇದ್ರಲ್ಲಿ, ಕೊನೇ ನಟ್ಟು ಬಿಗಿಯೋವರೆಗೂ ಅದು ಟ್ರೇಲೇ ಕೂತಿರೋದು ಮಾನಪ್ಪನವರೇ. ಟ್ರೇ ಖಾಲಿ ಆಯ್ತು ಅಂದ್ರೆ ಕೆಲ್ಸ ಮುಗೀತು. ವರ್ಷಗಟ್ಲೆ ಹಂಗೇ ನೋಡಿ ನೋಡಿ ಕಣ್ಣಿಗೆ ಅದೇ ರೂಢಿ. ನಂದ್ರಲ್ಲಿ ಕೈಬಿಗಿ ಹೊತ್ತಿಗೇ ಟ್ರೇ ಖಾಲಿ. ನಟ್ಟು ಕಿತ್ತಾಕಿದ್ದೂ ನಾನೇ, ಖಾಲಿ ಟ್ರೇ ನೋಡಿ ಆಯ್ತು ಅಂದಿದ್ದೂ ನಾನೇ! ಸಾಮಾನು ಪ್ಯಾಕ್ ಮಾಡೋವಾಗ ಮನಸ್ಸಲ್ಲೇ ಎಣಿಸ್ದೆ. ಮೂರೇ. ಮತ್ತೆ ಎಣಿಸ್ದೆ. ಮೂರೇ. ಕಿವಿ ಎಲ್ಲೋ ತಪ್ಪಿರ್ಬೇಕು ಅನ್ಕೊಂಡು ಹೊರಗೆ ಬಂದೆ. ತಪ್ಪಿಲ್ಲ.

ಎದ್ದು ಕೂತ್ರೆ ಭಾರ ಅಲ್ಲಿಗೇ ಬೀಳತ್ತೆ. ಕಂಬಿ ಜಾರಿದ್ರೆ... ಬೆಳಗ್ಗೆ ಅಮೃತಮ್ಮ ಕಾಲ್ಬೆರಳು ಅಲ್ಲಾಡಿಸಿ ತೋರಿಸಿದ್ರಲ್ಲ ನಿಮ್ಗೆ, ಅದೂ ಹೋಗ್ಬಹುದು. ಇಷ್ಟು ಹೇಳಿ ನಂಗೆ ಅಳು ಬರ್ಬೇಕು ರೀ. ಬರ್ತಿಲ್ಲ. ಭಯಾನೂ ಆಗ್ತಿಲ್ಲ. ಹೊಸ ಮುಚ್ಚಳದ ಮೊದಲ್ನೇ ಕೇಸು ಇದು. ಹೇಳಿದ್ರೆ ಅವ್ರ ಬೆನ್ನು ಮತ್ತೆ ಬಿಚ್ಬೇಕು, ನನ್ ಮೂರು ವರ್ಷ ನೀರಲ್ಲಿ ಹೋಮ. ಅದಕ್ಕೇ ಡಾಕ್ಟ್ರ ಹತ್ರ ಹೋಗ್ದೇ ನಿಮ್ ಹತ್ರ ಬಂದೆ. ನಿಮ್ ಬಾಯಲ್ಲಿ ಒಂದು ಸುಳ್ಳು ಹೇಳಿಸ್ಬಿಟ್ರೆ ಮೂಳೆ ತಾನಾಗೇ ಕೂಡ್ಕೊಂಡ್ಬಿಡತ್ತೆ ಅಂತ... ಥೂ!

ಎಲ್ಲಿಗೆ ಎದ್ರಿ? ...ಹೂಂ, ಅದೇ ಬಾಗ್ಲು. ಡಾಕ್ಟ್ರು ಒಳಗೆ ಕೈ ತೊಳ್ಕೋತಿರ್ತಾರೆ. ನಿಮ್ಮೊಬ್ರನ್ನೇ ಬಿಡಲ್ಲ ರೀ, ತಡೀರಿ, ನಾನೂ ಬರ್ತೀನಿ. ನನ್ ಪಕ್ಕದಲ್ಲೇ ನಿಂತಿರಿ, ಏನೂ ಮಾತಾಡ್ಬೇಡಿ, ಸುಮ್ನೆ ನಿಂತಿರಿ. ನನ್ನ ನೋಡಿದ ತಕ್ಷಣ ಅವ್ರು 'ಏನ್ ನರೇಶ್, ಎಲ್ಲಾ ಆಯ್ತಾ?' ಅಂತಾನೇ ಕೇಳ್ತಾರೆ. ಒಬ್ನೇ ಇದ್ರೆ, ಆಯ್ತು ಸಾರ್ ಅಂದ್ಬಿಡ್ತೀನಿ.