ಬಾಳವ್ವ ಎರವಲು ತಂದ ಜರಡಿ

ಕೂತವರು ಕಾಲು ಚಾಚಿ ಕೇಳಿ, ನಿಂತವರು ಗೋಡೆಗೆ ಒರಗಿ ಕೇಳಿ, ನಿದ್ದೆ ಬಂದವರು ಒಂದು ಕಿವಿಯನ್ನಾದರೂ ಎಚ್ಚರವಾಗಿಟ್ಟು ಕೇಳಿ. ಒಂದಾನೊಂದು ಊರು. ಹೆಸರು ಕೇಳಬೇಡಿ; ಹೇಳಿದರೆ ನಮ್ಮದೇ ಊರು ಎಂದು ಮೂರು ಊರಿನವರು ಜಗಳಕ್ಕೆ ಬರುತ್ತಾರೆ.

ಆ ಊರಿಗೆ ಬಾಳವ್ವ ಎಂಬ ಹೆಂಗಸು ಬಂದಳು. ಅವಳ ಊರನ್ನು ಹೊಳೆ ನುಂಗಿತ್ತು, ಗಂಡನನ್ನೂ ನುಂಗಿತ್ತು. ಅಟ್ಟದ ಮೇಲಿದ್ದ ಒನಕೆ, ಮೊರ, ಜರಡಿ, ನಾಲ್ಕು ಪಾತ್ರೆ ಮಾತ್ರ ಉಳಿದಿದ್ದವು. ಅವನ್ನೂ ಈಜಿ ದಡ ಸೇರಿದ ಒಂದು ಎಮ್ಮೆಯನ್ನೂ ತಂದು, ಊರ ಕೊನೆಯ ಪಾಳು ಮನೆಯನ್ನು ಸಾರಿಸಿಕೊಂಡು ಕೂತಳು.

ಆ ಊರಲ್ಲೊಂದು ಕಟ್ಟಳೆ. ಹೊರಗಿನವರು ಬಂದರೆ ಮೂರು ಹುಣ್ಣಿಮೆಯ ತನಕ ಇರಬಹುದು. ಮೂರನೆಯ ಹುಣ್ಣಿಮೆಯ ಬೆಳಿಗ್ಗೆ ಗೌಡ ಕಟ್ಟೆಯ ಮೇಲೆ ಕೂತು ಮೂರು ಸಲ ಕೇಳುತ್ತಾನೆ, 'ಈಕೆ ಯಾರವಳು?' ಒಬ್ಬರಾದರೂ 'ನಮ್ಮವಳು' ಎಂದರೆ ಸರಿ. ಯಾರೂ ಅನ್ನದಿದ್ದರೆ ಗಂಟು ಕಟ್ಟಬೇಕು. ಬಾಳವ್ವನಿಗೆ ಹೋಗಲು ಬೇರೆ ಊರೆಲ್ಲಿದೆ? ನೀರಿನ ತಳದಲ್ಲಿದೆ.

ಮೊದಲ ತಿಂಗಳು ಅವಳು ಯಾರಿಗೂ ಭಾರವಾಗಬಾರದೆಂದು ತನ್ನ ಪಾಡಿಗೆ ತಾನಿದ್ದಳು. ಊರು 'ಪಾಪ, ಒಳ್ಳೆಯವಳು' ಎಂದಿತು. ಎಂದು ಮರೆತುಬಿಟ್ಟಿತು.

ಎರಡನೆಯ ತಿಂಗಳು ಕಡುಬು ಮಾಡಿ ಮೂರು ಮನೆಗೆ ಹಂಚಿದಳು. ಬಟ್ಟಲನ್ನು ಬರಿದಾಗಿ ಕೊಡಬಾರದಲ್ಲ? ಒಂದು ಮನೆಯಿಂದ ಬೆಲ್ಲ ಬಂತು, ಒಂದು ಮನೆಯಿಂದ ಬೇಳೆ ಬಂತು, ಒಂದು ಮನೆಯಿಂದ ಬಾಳೆಹಣ್ಣು ಬಂತು. ಬಟ್ಟಲುಗಳು ಬಂದವು, ಜನ ಬರಲಿಲ್ಲ.

ಮೂರನೆಯ ತಿಂಗಳು ಬಂದದ್ದು ಬೆಕ್ಕು. ಹೆಪ್ಪಿಗೆಂದು ಎತ್ತಿಟ್ಟ ಮಜ್ಜಿಗೆಯನ್ನು ಕುಡಿದು, ಗಿಂಡಿಯನ್ನೂ ಉರುಳಿಸಿ ಹೋಯಿತು. ಹಾಲು ಕಾದಿದೆ, ಹೆಪ್ಪಿಲ್ಲ. ಏನು ಮಾಡುವುದು? ಬಾಳವ್ವ ಸೆರಗು ಬಿಗಿ ಹಿಡಿದು ಪಕ್ಕದ ಮನೆಯ ಕೆಂಚಜ್ಜಿಯ ಬಾಗಿಲಿಗೆ ಹೋದಳು. ಕೆಂಚಜ್ಜಿ ಎಂದರೆ ಯಾರು? ಅವಳ ನಾಲಿಗೆಗೆ ಹೆದರಿ ಕಾಗೆಯೂ ಆ ಮನೆಯ ಮಾಡಿನ ಮೇಲೆ ಕೂರುತ್ತಿರಲಿಲ್ಲ.

"ಅಜ್ಜಿ, ಒಂದು ಚಮಚ ಹೆಪ್ಪು ಕೊಡ್ತೀರಾ?"

"ಓಹೋ, ನಿನ್ನ ಮನೇಲೂ ಇಲ್ಲ ಅನ್ನೋದು ಒಂದಿದೆಯಾ? ನಾನೇನೋ ನೀನು ಅರಮನೆಯಿಂದ ಬಂದವಳು ಅಂದ್ಕೊಂಡಿದ್ದೆ. ಬಾ, ಕೂತ್ಕೋ."

ಕೂರಿಸಿದಳು. ಹೆಪ್ಪು ಕೊಟ್ಟಳು. ಹಾಲು ಎಷ್ಟು ಬೆಚ್ಚಗಿರಬೇಕೆಂದು ಬೈದು ಹೇಳಿಕೊಟ್ಟಳು. ಸೊಸೆಯ ಮೇಲಿನ ದೂರನ್ನೆಲ್ಲ ಬಿಚ್ಚಿದಳು. ಮರುದಿನ ಕೋಳಿ ಕೂಗುವಾಗಲೇ ಬಾಳವ್ವನ ಹೊಸ್ತಿಲಲ್ಲಿ ಹಾಜರು. ಮೊಸರು ಹೇಗೆ ಕೂತಿದೆ ನೋಡಬೇಕಂತೆ. ಹೆಪ್ಪು ತನ್ನದಲ್ಲವೇ?

ಕೇಳಿ, ಬಾಳವ್ವ ಆಗ ಮೊಸರು ನೋಡಲಿಲ್ಲ, ಅಜ್ಜಿಯ ಮುಖ ನೋಡಿದಳು. ನೋಡಿ, ಒಳಗೊಳಗೇ ನಕ್ಕಳು.

ಅಂದೇ ತನ್ನ ಜರಡಿ, ಒನಕೆ, ಮೊರವನ್ನು ಅಟ್ಟಕ್ಕೇರಿಸಿ ಗೋಣಿ ಮುಚ್ಚಿದಳು. ಕೆಂಚಜ್ಜಿಯ ಹತ್ತಿರ ಜರಡಿ ಕೇಳಿದಳು. ಎದುರು ಮನೆಯ ದುಂಡವ್ವನ ಹತ್ತಿರ ಒನಕೆ ಕೇಳಿದಳು. ಗೌಡನ ಹೆಂಡತಿ ಗೌಡಸಾನಿಯ ಹತ್ತಿರ ಮೊರ ಕೇಳಿದಳು. ಒಬ್ಬೊಬ್ಬರೂ ಸಾಮಾನಿನ ಜೊತೆ ಒಂದು ಬುದ್ಧಿಮಾತು ಕೊಟ್ಟರು, ಒಂದು ಗುಟ್ಟು ಕೊಟ್ಟರು, ಸಾಮಾನು ಹೇಗಿದೆ ಎಂದು ನೋಡುವ ನೆಪದಲ್ಲಿ ದಿನಾ ಬಂದು ಹೋದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಾಳವ್ವ ಕೊಡ ಹಿಡಿದು ಬಾವಿಗೆ ಬಂದರೆ ಈಗ ನಾಲ್ಕು ಜನ ಸರಿದು ಜಾಗ ಕೊಡುತ್ತಿದ್ದರು.

ಹುಣ್ಣಿಮೆ ಬಂತು. ಗೌಡ ಕೇಳಿದ, "ಈಕೆ ಯಾರವಳು?"

ಜನ ಮುಖ ಮುಖ ನೋಡಿಕೊಂಡರು. ಮೊದಲು ಅನ್ನುವವರು ಯಾರು?

"ಈಕೆ ಯಾರವಳು?"

"ಯಾರವಳೋ, ನನ್ನ ಜರಡಿ ಅವಳ ಮನೇಲಿದೆ," ಎಂದಳು ಕೆಂಚಜ್ಜಿ. ನನ್ನ ಒನಕೆಯೂ ಇದೆ ಎಂದಳು ದುಂಡವ್ವ. ಗೌಡಸಾನಿ ಮೊರದ ಮಾತೆತ್ತಿದಳು. ಮೊದಲು ನಿಮ್ಮ ನಿಮ್ಮ ಸಾಮಾನು ಇಸಿದುಕೊಳ್ಳಿ, ಮೂರನೆಯ ಸಲ ಅಲ್ಲೇ ಕೇಳುತ್ತೇನೆ ಎಂದು ಗೌಡ ಎದ್ದ. ಊರಿಗೆ ಊರೇ ಬಾಳವ್ವನ ಮನೆಗೆ ನಡೆಯಿತು.

ಒನಕೆ ಹುಡುಕುತ್ತ ದುಂಡವ್ವ ಎಲ್ಲಿಗೆ ಕೈ ಹಾಕಿದಳು? ಅಟ್ಟಕ್ಕೇ. ಗೋಣಿ ಜಾರಿತು. ಹೊಳೆಯುವ ಒನಕೆ, ಬಿಗಿಯಾದ ಮೊರ, ಹೊಸ ಜರಡಿ!

ಗೌಡನ ಮೀಸೆ ಕುಣಿಯಿತು. "ಇಷ್ಟೆಲ್ಲ ಇಟ್ಕೊಂಡು ಊರ ಮುಂದೆ ಕೈ ಒಡ್ಡಿದೆಯಾ? ಯಾಕೆ?"

ಬಾಳವ್ವ ತಲೆ ತಗ್ಗಿಸಿದಳು, ಆಮೇಲೆ ಎತ್ತಿದಳು.

"ಜರಡಿ ಇತ್ತು ಗೌಡ್ರೇ. ಜರಡಿ ಕೊಡೋರು ಇರ್ಲಿಲ್ಲ."

ಕೆಂಚಜ್ಜಿ ಹೊಸ ಜರಡಿಯನ್ನು ಎತ್ತಿ ಬಿಸಿಲಿಗೆ ಹಿಡಿದಳು, ಒಂದು ಕಣ್ಣು ಮುಚ್ಚಿ ನೋಡಿದಳು, ಬೆರಳಿನಿಂದ ತಟ್ಟಿ ನೋಡಿದಳು.

"ಇಂಥಾ ಜರಡಿ ಬಚ್ಚಿಟ್ಟು ನನ್ನ ಹರಕು ಜರಡಿ ಒಯ್ದಳಲ್ಲ, ಕಳ್ಳಿ! ಶ್ರಾವಣ ಮುಗಿಯೋ ತನಕ ಇದು ನನ್ನ ಹತ್ರ ಇರ್ಲಿ. ಕೊಡ್ತೀಯೋ ಇಲ್ವೋ?"

ಆ ಊರಲ್ಲಿ ಬಾಳವ್ವನನ್ನು ಯಾರಾದರೂ ಏನನ್ನಾದರೂ ಎರವಲು ಕೇಳಿದ್ದು ಅದೇ ಮೊದಲು. ಅವಳ ಕಣ್ಣಿಂದ ನೀರು ಹೊರಟಿತು. ಅಷ್ಟರಲ್ಲಿ ದುಂಡವ್ವ ಹೊಸ ಒನಕೆಯನ್ನು ಹೆಗಲಿಗೇರಿಸಿದ್ದಳು.

ಗೌಡ ಗಂಟಲು ಸರಿಮಾಡಿಕೊಂಡ. "ಮೂರನೇ ಸಲ ಕೇಳ್ತಿದ್ದೀನಿ. ಈಕೆ ಯಾರವಳು?"

"ಇನ್ನೂ ಕೇಳ್ತೀರಲ್ಲ," ಎಂದಳು ಕೆಂಚಜ್ಜಿ. "ನಮ್ಮ ಸಾಮಾನು ಅವಳ ಮನೇಲಿ, ಅವಳ ಸಾಮಾನು ನಮ್ಮ ಮನೇಲಿ. ಈ ಗಂಟು ಬಿಡಿಸೋಕೆ ನಿಮ್ಮಜ್ಜ ಬಂದರೂ ಆಗಲ್ಲ. ನಮ್ಮವಳು. ಬರ್ಕೊಳ್ಳಿ."

ಗೌಡ ಸಾಕ್ಷಿಗೆಂದು ಹೆಂಡತಿಯ ಕಡೆ ತಿರುಗಿದ. ಗೌಡಸಾನಿ ಎಲ್ಲಿ? ಬಾಳವ್ವನ ಮೊರವನ್ನು ಕಂಕುಳಲ್ಲಿ ಇರುಕಿಕೊಂಡು ಆಗಲೇ ಅರ್ಧ ಬೀದಿ ದಾಟಿದ್ದಳು.

ಈ ಕಥೆಯೂ ನನ್ನದಲ್ಲ, ಯಾರದೋ ಮನೆಯಿಂದ ಎರವಲು ತಂದದ್ದು. ಈಗ ನಿಮ್ಮ ಕೈಗೆ ಕೊಟ್ಟಿದ್ದೇನೆ. ಹಿಂದಿರುಗಿಸುವ ಅವಸರ ಬೇಡ. ಹೇಗಿದೆ ಎಂದು ನೋಡಲು ನಾನೇ ಆಗಾಗ ಬರುತ್ತೇನೆ.